ಕೇಳುವುದಕ್ಕೂ ಧೈರ್ಯ ಬೇಕು: ಸಮುದಾಯ ಮತ್ತು ದಿನನಿತ್ಯದ ಮಾಹಿತಿ

ಪಡಿತರ ಚೀಟಿಗೆ ಹೆಸರು ಸೇರಿಸುವುದು ಹೇಗೆ, ಮಂಡಿನೋವಿಗೆ ಯಾವ ವೈದ್ಯರನ್ನು ಕಾಣಬೇಕು, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು, ಬಾಡಿಗೆ ಮನೆ ಎಲ್ಲಿ ಸಿಗುತ್ತದೆ ಎಂಬಂಥ ಪ್ರಶ್ನೆಗಳಿಗೆ ಜನ ಉತ್ತರ ಕಂಡುಕೊಳ್ಳುವ ಬಗೆಯನ್ನು ಪರಿಶೀಲಿಸುವ ಶಾಖೆಯೊಂದು ಮಾಹಿತಿ ವಿಜ್ಞಾನದಲ್ಲಿದೆ. ಉತ್ತರ ಎಲ್ಲಿ ಸಿಗುತ್ತದೆ ಎಂಬುದರ ಜೊತೆಗೆ ಯಾರು ಯಾರನ್ನು ಕೇಳಬಲ್ಲರು, ಯಾವುದನ್ನು ಕೇಳಲು ಹಿಂಜರಿಯುತ್ತಾರೆ, ಗೊತ್ತಿದ್ದೂ ಯಾವುದನ್ನು ಹೇಳುವುದಿಲ್ಲ ಎಂಬುದೂ ಈ ಶಾಖೆಯ ವಿಷಯ. ಈ ಪ್ರಶ್ನೆಗಳನ್ನು ಬಿಡಿಸಲು ಅದು ಸಮಾಜಶಾಸ್ತ್ರದಿಂದ, ವಿಶೇಷವಾಗಿ ‘ಸಮುದಾಯ’ವೆಂಬ ಪರಿಕಲ್ಪನೆಯಿಂದ ಬಹಳಷ್ಟನ್ನು ಪಡೆದುಕೊಂಡಿದೆ.

ವಿಷಯದ ವ್ಯಾಪ್ತಿ

ಮಾಹಿತಿಯ ಬಳಕೆದಾರರನ್ನು ಕುರಿತ ಆರಂಭದ ಅಧ್ಯಯನಗಳು ಹೆಚ್ಚಾಗಿ ವಿಜ್ಞಾನಿಗಳನ್ನೂ ಎಂಜಿನಿಯರುಗಳನ್ನೂ ಗಮನಿಸಿದವು. ಅವರಿಗೆ ನಿಯತಕಾಲಿಕೆಗಳು ಬೇಕಿದ್ದವು, ಅವನ್ನು ಒದಗಿಸುವ ಗ್ರಂಥಾಲಯಗಳಿಗೆ ಅವರ ಅಗತ್ಯ ತಿಳಿಯಬೇಕಿತ್ತು. ವೃತ್ತಿಯ ಹೊರಗಿನ ಬದುಕು ಗಂಭೀರ ಅಧ್ಯಯನಕ್ಕೆ ಒಳಗಾದದ್ದು ತಡವಾಗಿ. ಫಿನ್‌ಲೆಂಡಿನ ಸಂಶೋಧಕ ರೇಯೊ ಸವೊಲೈನೆನ್ 1995ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಕ್ಷೇತ್ರಕ್ಕೆ ಹೆಸರನ್ನೂ ಚೌಕಟ್ಟನ್ನೂ ಕೊಟ್ಟಿತು. ಇಂಗ್ಲಿಷಿನಲ್ಲಿ ‘ಎವೆರಿಡೇ ಲೈಫ್ ಇನ್ಫರ್ಮೇಶನ್ ಸೀಕಿಂಗ್’ ಎಂದು ಕರೆಯಲಾಗುವ ಇದನ್ನು ಕನ್ನಡದಲ್ಲಿ ದಿನನಿತ್ಯದ ಮಾಹಿತಿ ಅನ್ವೇಷಣೆ ಎನ್ನಬಹುದು.

ಸವೊಲೈನೆನ್ 11 ಮಂದಿ ಶಿಕ್ಷಕರನ್ನೂ 11 ಮಂದಿ ಕಾರ್ಖಾನೆ ಕಾರ್ಮಿಕರನ್ನೂ ಸಂದರ್ಶಿಸಿ ಹೋಲಿಸಿದರು. ಸಮಯ ಹೇಗೆ ಕಳೆಯುತ್ತದೆ, ಹಣ ಯಾವುದಕ್ಕೆ ಖರ್ಚಾಗುತ್ತದೆ, ಬಿಡುವಿನಲ್ಲಿ ಯಾವುದರ ಮೇಲೆ ಆಸಕ್ತಿ ಎಂಬುದನ್ನು ನೋಡಿ, ಮಾಹಿತಿ ಹುಡುಕುವ ರೀತಿ ಈ ಜೀವನಕ್ರಮದ ಭಾಗವೇ ಎಂದು ತೋರಿಸಿದರು. ಇದರ ಹಿಂದೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡ್ಯೂ ಅವರ ‘ಹ್ಯಾಬಿಟಸ್’ ಎಂಬ ಕಲ್ಪನೆಯಿದೆ. ಹುಟ್ಟಿ ಬೆಳೆದ ಪರಿಸರವು ವ್ಯಕ್ತಿಯಲ್ಲಿ ಕೆಲವು ಒಲವುಗಳನ್ನು ಬೇರೂರಿಸುತ್ತದೆ. ಅವು ಮುಂದೆ ಅವನಿಗೆ ಸಹಜವೆಂದೇ ತೋರುತ್ತವೆ ಎಂಬುದು ಅದರ ಸಾರ.

ಸಮುದಾಯ: ಸಮಾಜಶಾಸ್ತ್ರ ಕೊಟ್ಟ ಪರಿಕಲ್ಪನೆ

ಜರ್ಮನಿಯ ಫರ್ಡಿನಾಂಡ್ ಟನಿಸ್ 1887ರಲ್ಲಿ ಮಾನವ ಸಂಬಂಧಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ರಕ್ತಸಂಬಂಧ, ನೆರೆಹೊರೆ, ಸಮಾನ ನಂಬಿಕೆಗಳಿಂದ ಬೆಸೆದದ್ದು ‘ಗೆಮೈನ್‌ಶಾಫ್ಟ್’. ವ್ಯವಹಾರ, ಒಪ್ಪಂದ, ಲೆಕ್ಕಾಚಾರಗಳಿಂದ ಕಟ್ಟಿದ್ದು ‘ಗೆಸೆಲ್‌ಶಾಫ್ಟ್’. ಹಳ್ಳಿಯೆಂದರೆ ಮೊದಲನೆಯದು, ಪಟ್ಟಣವೆಂದರೆ ಎರಡನೆಯದು ಎಂಬ ಸರಳ ಓದು ಈ ವಿಂಗಡಣೆಯಿಂದ ಬೆಳೆಯಿತು. ಅದರ ಮೋಹ ಇಂದಿಗೂ ಪೂರ್ತಿ ಹೋಗಿಲ್ಲ.

ಆ ಓದನ್ನು ಸಡಿಲಿಸಿದವರಲ್ಲಿ ಬ್ಯಾರಿ ವೆಲ್‌ಮನ್ ಮುಖ್ಯರು. ಕೆನಡಾದ ಟೊರಾಂಟೊ ಮಹಾನಗರದ ಈಸ್ಟ್ ಯಾರ್ಕ್ ಎಂಬಲ್ಲಿನ ನಿವಾಸಿಗಳನ್ನು ಅಧ್ಯಯನ ಮಾಡಿ ಅವರು 1979ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಜನರ ಆಪ್ತರಲ್ಲಿ ತೀರ ಕಡಿಮೆ ಮಂದಿ ಅದೇ ಬಡಾವಣೆಯಲ್ಲಿದ್ದರು. ಸಮುದಾಯ ನಾಶವಾಗಿರಲಿಲ್ಲ; ಭೂಗೋಳದ ಗಡಿಯನ್ನು ದಾಟಿ ಹರಡಿಕೊಂಡಿತ್ತು. ಅಂದಿನಿಂದ ಸಂಶೋಧಕರು ಸಮುದಾಯವನ್ನು ನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸುವ ಬದಲು ಸಂಬಂಧಗಳ ಜಾಲವಾಗಿ ಗುರುತಿಸಲು ತೊಡಗಿದರು.

ಮಾಹಿತಿಯ ಹರಿವಿನ ಬಗ್ಗೆ ಸಮಾಜಶಾಸ್ತ್ರದ ಮೊದಲ ದೊಡ್ಡ ಪಾಠ ಬಂದದ್ದು ಮಾತ್ರ ಹೊಲದಿಂದ. ಅಮೆರಿಕದ ಅಯೋವಾ ರಾಜ್ಯದ 259 ರೈತರು ಸಂಕರಣ ಮೆಕ್ಕೆಜೋಳದ ಬೀಜವನ್ನು ಹೇಗೆ ಸ್ವೀಕರಿಸಿದರು ಎಂಬುದನ್ನು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ಹೊಸ ಬೀಜದ ಸುದ್ದಿಯನ್ನು ಮೊದಲು ತಂದವರು ಹೆಚ್ಚಾಗಿ ಮಾರಾಟಗಾರರು. ಆದರೆ ಬಿತ್ತುವ ತೀರ್ಮಾನಕ್ಕೆ ನೆರೆಯ ರೈತನ ಮಾತು ಬೇಕಾಯಿತು. ತಿಳಿಯುವುದು ಒಂದು, ನಂಬುವುದು ಇನ್ನೊಂದು ಎಂಬ ಈ ಅಂತರವನ್ನು ಎವೆರೆಟ್ ರೋಜರ್ಸ್ 1962ರಲ್ಲಿ ಪ್ರಸರಣ ಸಿದ್ಧಾಂತವಾಗಿ ಬೆಳೆಸಿದರು. ನಮ್ಮ ಕೃಷಿ ಇಲಾಖೆಗಳ ಪ್ರಾತ್ಯಕ್ಷಿಕೆ ತಾಕುಗಳ ಹಿಂದೆಯೂ ಇದೇ ತಿಳಿವಳಿಕೆಯಿದೆ.

ಎಲ್ಫ್ರೀಡಾ ಚಾಟ್‌ಮನ್ ಮತ್ತು ಪುಟ್ಟ ಲೋಕ

ಈ ಸಿದ್ಧಾಂತಗಳನ್ನು ಬಡವರ ದಿನನಿತ್ಯದ ಬದುಕಿಗೆ ಒಡ್ಡಿ ಪರೀಕ್ಷಿಸಿದವರು ಎಲ್ಫ್ರೀಡಾ ಚಾಟ್‌ಮನ್. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿಯೂ ಅನಂತರ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿಯೂ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಬೋಧಿಸಿದ ಅವರು 2002ರಲ್ಲಿ ನಿಧನರಾದರು. ಗ್ರಂಥಾಲಯಕ್ಕೆ ಬರುವವರನ್ನು ಬಿಟ್ಟು, ಬಾರದವರ ಬಳಿಗೆ ಅವರು ಹೋದರು. ಸರ್ಕಾರಿ ಉದ್ಯೋಗ ತರಬೇತಿಯಲ್ಲಿದ್ದ ಬಡ ಮಹಿಳೆಯರು, ವಿಶ್ವವಿದ್ಯಾಲಯದ ಕಟ್ಟಡಗಳನ್ನು ಗುಡಿಸಿ ಒರೆಸುವ ಕೆಲಸಗಾರರು, ವಸತಿ ಸಮುಚ್ಚಯವೊಂದರ ನಿವೃತ್ತ ಸ್ತ್ರೀಯರು, ಸೆರೆಮನೆಯ ಕೈದಿಗಳು: ಇವರು ಅವರ ಅಧ್ಯಯನದ ಜನ.

ಮೊದಲ ಅಧ್ಯಯನದಲ್ಲಿಯೇ ಪ್ರಸರಣ ಸಿದ್ಧಾಂತ ಎಡವಿತು. ಉಪಯುಕ್ತ ಮಾಹಿತಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಎಂದು ಅದು ನಿರೀಕ್ಷಿಸುತ್ತದೆ. ತರಬೇತಿಯಲ್ಲಿದ್ದ ಮಹಿಳೆಯರಿಗೆ ಎಲ್ಲಿ ಕೆಲಸ ಖಾಲಿಯಿದೆ ಎಂಬುದಕ್ಕಿಂತ ಉಪಯುಕ್ತವಾದ ಸುದ್ದಿ ಬೇರೆಯಿರಲಿಲ್ಲ. ಆದರೆ ಆ ಸುದ್ದಿಯನ್ನೇ ಅವರು ಹಂಚಿಕೊಳ್ಳಲು ಹಿಂಜರಿದರು. ಇರುವ ಕೆಲಸಗಳೇ ಕೆಲವು. ಗೆಳತಿಗೆ ಹೇಳಿದರೆ ತನ್ನ ಅವಕಾಶ ತಪ್ಪುತ್ತದೆ. ಇದನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ. ಕೊರತೆಯ ನಡುವೆ ಬದುಕುವವರ ಲೆಕ್ಕಾಚಾರ ಎಂದು ಅರ್ಥಮಾಡಿಕೊಂಡದ್ದು ಚಾಟ್‌ಮನ್ ಅವರ ಹೆಚ್ಚುಗಾರಿಕೆ.

ಇಂಥ ಜನರ ಬದುಕನ್ನು ವಿವರಿಸಲು ಅವರು ಬಳಸಿದ ಪದ ‘ಸ್ಮಾಲ್ ವರ್ಲ್ಡ್’, ಅಂದರೆ ಪುಟ್ಟ ಲೋಕ. ಆಧುನಿಕ ಮನುಷ್ಯನ ಸಣ್ಣ ಜೀವಲೋಕಗಳ ಬಗ್ಗೆ ಸಮಾಜಶಾಸ್ತ್ರಜ್ಞ ಥಾಮಸ್ ಲುಕ್‌ಮನ್ 1970ರಲ್ಲಿ ಬರೆದಿದ್ದರು, ಈ ಕಲ್ಪನೆಯ ಬೀಜ ಅಲ್ಲಿಯದು. ಪುಟ್ಟ ಲೋಕದ ಸದಸ್ಯರು ಒಂದೇ ಬಗೆಯ ಅನುಭವಗಳನ್ನೂ ಭಾಷೆಯನ್ನೂ ಹಂಚಿಕೊಂಡಿರುತ್ತಾರೆ. ಯಾವುದು ಮುಖ್ಯ, ಯಾವುದು ಕ್ಷುಲ್ಲಕ ಎಂಬುದು ಅಲ್ಲಿ ಮೊದಲೇ ನಿರ್ಧಾರವಾಗಿರುತ್ತದೆ. ಹೇಗೆ ನಡೆದುಕೊಂಡರೆ ಸರಿ ಎಂಬ ಸಾಮಾಜಿಕ ಕಟ್ಟಳೆಗಳು, ಲೋಕವನ್ನು ನೋಡುವ ಸಮಾನ ದೃಷ್ಟಿ, ‘ಇವನು ಇಂಥವನು’ ಎಂದು ಜನರಿಗೆ ಹಚ್ಚುವ ಗುರುತುಗಳು ಇವು ಮೂರೂ ಸೇರಿ ಮಾಹಿತಿಯನ್ನು ಒಳಗೆ ಬಿಡುವುದೋ ಬೇಡವೋ ಎಂದು ತೀರ್ಮಾನಿಸುತ್ತವೆ.

ಮಾಹಿತಿ ದಾರಿದ್ರ್ಯ

1992ರಲ್ಲಿ ಪುಸ್ತಕವಾಗಿ ಬಂದ ನಿವೃತ್ತ ಸ್ತ್ರೀಯರ ಅಧ್ಯಯನ ಈ ಕ್ಷೇತ್ರದ ಅತ್ಯಂತ ಮಾರ್ಮಿಕ ಕೃತಿಗಳಲ್ಲೊಂದು. ಒಂದೇ ಕಟ್ಟಡದಲ್ಲಿ ವಾಸಿಸುವ, ದಿನವೂ ಪರಸ್ಪರ ಭೇಟಿಯಾಗುವ, ಒಂದೇ ವಯಸ್ಸಿನ ಸ್ತ್ರೀಯರ ನಡುವೆ ಬಲವಾದ ಆಸರೆಯ ಜಾಲ ಇರಬೇಕೆಂದು ಸಾಮಾಜಿಕ ಜಾಲ ಸಿದ್ಧಾಂತ ಹೇಳುತ್ತಿತ್ತು. ಮಾತುಕತೆಗೆ ಅಲ್ಲಿ ಬರವಿರಲಿಲ್ಲ. ಆದರೆ ಒಂಟಿತನ, ಹೆಚ್ಚುತ್ತಿರುವ ಕಾಯಿಲೆ ಇಂಥ ನಿಜವಾದ ಸಂಕಟಗಳು ಮಾತಿಗೆ ಬರುತ್ತಿರಲಿಲ್ಲ. ತನ್ನನ್ನು ತಾನು ನೋಡಿಕೊಳ್ಳಲಾರಳು ಎಂಬ ಸುದ್ದಿ ಹಬ್ಬಿದರೆ ಶುಶ್ರೂಷಾಲಯಕ್ಕೆ ಕಳುಹಿಸಿಬಿಡುತ್ತಾರೆ ಎಂಬ ಭಯ ಅವರನ್ನು ಕಾಡುತ್ತಿತ್ತು. ಆದ್ದರಿಂದ ಮೊಣಕಾಲು ಊದಿದ್ದರೂ ‘ಚೆನ್ನಾಗಿದ್ದೇನೆ’ ಎಂಬ ಮಾತು, ನೋವಿದ್ದರೂ ನಗುಮುಖ. ಔಷಧದ ಬಗ್ಗೆ ಕೇಳಿದರೆ ಕಾಯಿಲೆಯ ಸುಳಿವು ಕೊಟ್ಟಂತೆ.

ಇಲ್ಲಿಂದ 1996ರಲ್ಲಿ ಅವರು ‘ಇನ್ಫರ್ಮೇಶನ್ ಪಾವರ್ಟಿ’, ಅಂದರೆ ಮಾಹಿತಿ ದಾರಿದ್ರ್ಯದ ಸಿದ್ಧಾಂತವನ್ನು ರೂಪಿಸಿದರು. ನಾಲ್ಕು ಅಂಶಗಳ ಮೇಲೆ ಅದು ನಿಂತಿದೆ. ಗೋಪ್ಯತೆಯೆಂದರೆ ತನ್ನ ಸಮಸ್ಯೆಯನ್ನು ಹೊರಗೆಡಹದಿರುವುದು. ವಂಚನೆಯೆಂದರೆ ಬೇಕೆಂದೇ ಬೇರೆ ಚಿತ್ರ ಕೊಡುವುದು. ಅದರ ಫಲವಾಗಿ ಸಿಗುವ ಸಲಹೆಯೂ ಬೇರೆಯ ಸಮಸ್ಯೆಗೆ ಸಂಬಂಧಿಸಿದ್ದಾಗಿರುತ್ತದೆ. ಅಪಾಯದ ತೂಗಾಟವೆಂದರೆ ಕೇಳುವುದರಿಂದ ಆಗುವ ಲಾಭಕ್ಕಿಂತ ನಷ್ಟ ಹೆಚ್ಚೆಂದು ಕಂಡಾಗ ಸುಮ್ಮನಿರುವುದು. ಸಾಂದರ್ಭಿಕ ಪ್ರಸ್ತುತತೆಯೆಂದರೆ ತನ್ನ ಲೋಕಕ್ಕೆ ಒಪ್ಪುವ ಮಾಹಿತಿಯನ್ನು ಮಾತ್ರ ಮಾಹಿತಿಯೆಂದು ಪರಿಗಣಿಸುವುದು.

‘ಒಳಗಿನವರು’ ಮತ್ತು ‘ಹೊರಗಿನವರು’ ಎಂಬ ಭೇದವನ್ನು ಅವರು ಪಡೆದದ್ದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರ 1972ರ ಲೇಖನದಿಂದ. ಬಡವರಿಗೆ ಗ್ರಂಥಪಾಲಕ, ಅಧಿಕಾರಿ, ಸಮಾಜ ಸೇವಕ ಇವರೆಲ್ಲ ಹೊರಗಿನವರು. ತಮ್ಮ ಬದುಕನ್ನು ಅರಿಯದ ಇಂಥವರು ಕೊಡುವ ಮಾಹಿತಿ ಎಷ್ಟೇ ನಿಖರವಾಗಿದ್ದರೂ ಅದರ ಮೇಲೆ ಭರವಸೆ ಮೂಡುವುದಿಲ್ಲ. ಒಳಗಿನವರ ಮೇಲೆ ಭರವಸೆಯಿದೆ, ಆದರೆ ಅವರಿಗೆ ಹೇಳಿದರೆ ಊರಿಗೆಲ್ಲ ತಿಳಿಯುತ್ತದೆ. ಈ ಇಕ್ಕಟ್ಟಿನಲ್ಲಿ ಸಿಕ್ಕವರು ಮಾಹಿತಿಯ ರಾಶಿಯ ನಡುವೆಯೂ ಬಡವರೇ. ಪುಸ್ತಕಗಳ ಸಂಖ್ಯೆಯನ್ನೋ ಇಂಟರ್ನೆಟ್ ಸಂಪರ್ಕವನ್ನೋ ಹೆಚ್ಚಿಸಿ ಮಾತ್ರ ಈ ಬಡತನವನ್ನು ನೀಗಲಾಗದು ಎಂಬುದು ಚಾಟ್‌ಮನ್ ಅವರ ವಾದದ ತಿರುಳು. ಸರ್ಕಾರಿ ಯೋಜನೆಗಳು ಇಂದಿಗೂ ಅರಗಿಸಿಕೊಳ್ಳದ ಮಾತು ಇದು.

ಗೋಡೆಯೊಳಗಿನ ನೆಮ್ಮದಿ

ಪುಟ್ಟ ಲೋಕವೆಂದರೆ ಕೊರತೆಯೇ ಎಂಬ ಅಭಿಪ್ರಾಯವನ್ನು ಚಾಟ್‌ಮನ್ ಸ್ವತಃ ತಿದ್ದಿಕೊಂಡರು. ಮಹಿಳಾ ಸೆರೆಮನೆಯೊಂದರ ಅಧ್ಯಯನದಿಂದ 1999ರಲ್ಲಿ ಅವರು ಮಂಡಿಸಿದ ‘ಲೈಫ್ ಇನ್ ದಿ ರೌಂಡ್’ ಎಂಬ ಸಿದ್ಧಾಂತವನ್ನು ಆವರಣದೊಳಗಿನ ಬದುಕು ಎನ್ನಬಹುದು. ತಮ್ಮ ಹಿಡಿತಕ್ಕೆ ಸಿಗದ ಹೊರಲೋಕದ ಸಮಾಚಾರ ಕೈದಿಗಳಿಗೆ ಕ್ರಮೇಣ ಅರ್ಥ ಕಳೆದುಕೊಳ್ಳುತ್ತದೆ. ಯಾವ ಕಾವಲುಗಾರರ ಪಾಳಿ ಯಾವಾಗ, ಯಾರ ಜೊತೆ ಸೇರಬಾರದು, ಯಾವ ನಿಯಮ ಕಟ್ಟುನಿಟ್ಟು ಎಂಬಂಥ ಒಳಗಿನ ತಿಳಿವಳಿಕೆ ಬದುಕಿಗೆ ಸಾಕಾಗುತ್ತದೆ. ಮುಂದೇನಾಗುವುದೆಂದು ಊಹಿಸಬಹುದಾದ ಆ ಲೋಕದಲ್ಲಿ ಒಂದು ಬಗೆಯ ನೆಮ್ಮದಿಯೂ ಇದೆ.

ಹೀಗಿದ್ದರೂ ಕೆಲವು ಸಂದರ್ಭಗಳಲ್ಲಿ ಜನ ಗಡಿ ದಾಟಿ ಮಾಹಿತಿ ಹುಡುಕುತ್ತಾರೆ. ಆ ಮಾಹಿತಿ ಅನಿವಾರ್ಯ ಎನಿಸಬೇಕು, ಅಥವಾ ಅದು ಪ್ರಸ್ತುತವೆಂದು ತಮ್ಮ ಬಳಗವೂ ಒಪ್ಪಬೇಕು, ಇಲ್ಲವೇ ಇದ್ದ ಬದುಕೇ ನಡೆಯದಂತಾಗಬೇಕು. ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ಹಾಸಿಗೆಗಾಗಿ ಅಪರಿಚಿತರಿಗೆಲ್ಲ ಫೋನ್ ಹಚ್ಚಿದ ಕುಟುಂಬಗಳಿಗೆ ಈ ಮೂರನೆಯ ಸಂದರ್ಭವನ್ನು ವಿವರಿಸಬೇಕಾಗಿಲ್ಲ.

ದುರ್ಬಲ ನಂಟಿನ ಬಲ

ಹೊಸ ಮಾಹಿತಿ ಯಾರ ಮೂಲಕ ಬರುತ್ತದೆ ಎಂಬುದಕ್ಕೆ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಕೊಟ್ಟ ಉತ್ತರ ಸಮಾಜಶಾಸ್ತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನಗಳಲ್ಲೊಂದಾಗಿದೆ. ಅಮೆರಿಕದ ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಆಗಷ್ಟೇ ಕೆಲಸ ಬದಲಿಸಿದವರನ್ನು ಅವರು ವಿಚಾರಿಸಿದರು. ಪರಿಚಿತರ ಮೂಲಕ ಕೆಲಸದ ಸುಳಿವು ಪಡೆದವರಲ್ಲಿ ಶೇಕಡಾ 16.7 ಮಂದಿ ಮಾತ್ರ ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದರು. ಶೇಕಡಾ 55.6 ಮಂದಿ ಆಗೊಮ್ಮೆ ಈಗೊಮ್ಮೆಯೂ ಶೇಕಡಾ 27.8 ಮಂದಿ ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆಯೂ ಕಾಣುತ್ತಿದ್ದರು.

ಕಾರಣ ಸ್ಪಷ್ಟ. ಆಪ್ತರೆಲ್ಲ ಒಂದೇ ವಲಯದಲ್ಲಿ ಓಡಾಡುವುದರಿಂದ ಅವರಿಗೆ ತಿಳಿದದ್ದು ನಮಗೂ ತಿಳಿದೇ ಇರುತ್ತದೆ. ಹಳೆಯ ಸಹೋದ್ಯೋಗಿ, ದೂರದ ನೆಂಟ, ರೈಲಿನಲ್ಲಿ ಪರಿಚಯವಾದವನು ಬೇರೊಂದು ವಲಯದ ಸುದ್ದಿ ತರುತ್ತಾನೆ. ಚಾಟ್‌ಮನ್ ಕಂಡ ಜನರಿಗೆ ಇಲ್ಲವಾಗಿದ್ದುದು ಇಂಥ ದುರ್ಬಲ ನಂಟುಗಳು. ಆದರೂ ಒಂದು ಮಾತನ್ನು ಸೇರಿಸಬೇಕು. ಕೆಲಸದ ಸುಳಿವನ್ನು ದೂರದ ಪರಿಚಿತನಿಂದ ಪಡೆಯಬಹುದು. ಗರ್ಭಪಾತದ ಬಗ್ಗೆಯೋ ಸಾಲದ ಬಗ್ಗೆಯೋ ಅವನನ್ನು ಕೇಳಲಾಗದು.

ಮಾತಿನ ನಡುವೆ ಸಿಗುವ ಮಾಹಿತಿ

ಕರೆನ್ ಪೆಟಿಗ್ರೂ (ಮುಂದೆ ಕರೆನ್ ಫಿಶರ್) 1999ರಲ್ಲಿ ಪ್ರಕಟಿಸಿದ ಅಧ್ಯಯನದ ಸ್ಥಳ ಅನಿರೀಕ್ಷಿತವಾದದ್ದು. ಕೆನಡಾದಲ್ಲಿ ವೃದ್ಧರಿಗಾಗಿ ನಡೆಸುವ ಪಾದಚಿಕಿತ್ಸಾ ಶಿಬಿರಗಳಲ್ಲಿ ಕುಳಿತು ಅವರು ಗಮನಿಸಿದರು. ದಾದಿ ಪಾದ ಹಿಡಿದು ಆರೈಕೆ ಮಾಡುವಾಗ ಇಬ್ಬರೂ ಸುಮ್ಮನಿರುವುದಿಲ್ಲ. ಹವಾಮಾನ, ಮೊಮ್ಮಕ್ಕಳು, ಮನೆಗೆಲಸದ ಕಷ್ಟ ಎಂದು ಮಾತು ಸಾಗುತ್ತಿದ್ದಂತೆ, ಮನೆಗೇ ಬಂದು ನೆರವಾಗುವ ಇಂಥ ಸೇವೆಯಿದೆ ಎಂಬ ಮಾಹಿತಿ ದಾದಿಯಿಂದ ಹೊರಬೀಳುತ್ತದೆ. ಯಾರೂ ಅದನ್ನು ಹುಡುಕಿಕೊಂಡು ಬಂದಿರಲಿಲ್ಲ. ಬೇರೊಂದು ಉದ್ದೇಶಕ್ಕೆ ಜನ ಸೇರಿ, ಮಾತಿನ ನಡುವೆ ಮಾಹಿತಿ ವಿನಿಮಯವಾಗುವ ಇಂಥ ಜಾಗವನ್ನು ಅವರು ‘ಇನ್ಫರ್ಮೇಶನ್ ಗ್ರೌಂಡ್’, ಅಂದರೆ ಮಾಹಿತಿ ತಾಣ ಎಂದು ಕರೆದರು. ಮನೆ ಮತ್ತು ಕಚೇರಿಗಳ ಹೊರಗಿನ ಚಹಾದಂಗಡಿ, ಕ್ಷೌರದಂಗಡಿಗಳನ್ನು ರೇ ಓಲ್ಡನ್‌ಬರ್ಗ್ 1989ರಲ್ಲಿ ‘ಮೂರನೆಯ ತಾಣ’ ಎಂದು ವರ್ಣಿಸಿದ್ದರು. ಎರಡೂ ಕಲ್ಪನೆಗಳು ಸಮೀಪವರ್ತಿಗಳು.

ಕರ್ನಾಟಕದ ಹಳ್ಳಿಗಳಲ್ಲಿ ಹಾಲಿನ ಡೇರಿಯ ಮುಂದಿನ ಸಾಲು ಇದಕ್ಕೆ ಒಪ್ಪುವ ನಿದರ್ಶನ. ಬೆಳಿಗ್ಗೆ ಮತ್ತು ಸಂಜೆ ಕ್ಯಾನು ಹಿಡಿದು ನಿಂತವರು ಫ್ಯಾಟು, ಡಿಗ್ರಿ ನೋಡುವಷ್ಟು ಹೊತ್ತಿನಲ್ಲಿ ಕಾಲುಬಾಯಿ ಜ್ವರದ ಲಸಿಕೆ, ಮೇವಿನ ಬೆಲೆ, ಪಹಣಿ ತಿದ್ದುಪಡಿ, ಬೋರ್‌ವೆಲ್ ಸಾಲ ಎಲ್ಲವನ್ನೂ ಮಾತಾಡಿ ಮುಗಿಸುತ್ತಾರೆ. ಗ್ರಾಮ ಪಂಚಾಯಿತಿಯ ಸೂಚನಾ ಫಲಕವನ್ನು ಓದುವವರಿಗಿಂತ ಈ ಸಾಲಿನಲ್ಲಿ ಕೇಳಿಸಿಕೊಳ್ಳುವವರು ಹೆಚ್ಚು. ದನ ಇಲ್ಲದವರು ಆ ಸಾಲಿನಲ್ಲಿ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅರಳಿಕಟ್ಟೆಯ ಮೇಲೆ ಹೆಂಗಸರು ಕೂರುವುದು ಅಪರೂಪ. ಮಾಹಿತಿ ತಾಣಗಳಿಗೆ ಬಾಗಿಲಿಲ್ಲದಿದ್ದರೂ ಹೊಸ್ತಿಲಿದೆ.

ಸಮುದಾಯವೆಂಬ ಕಲ್ಪನೆಯ ಮಿತಿಗಳು

ಹಳ್ಳಿಯನ್ನು ತನ್ನಷ್ಟಕ್ಕೆ ತಾನಿರುವ ಸಮುದಾಯವೆಂದು ಭಾವಿಸುವುದನ್ನು ಭಾರತದಲ್ಲಿ ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಒಬ್ಬರು. ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಅವರು ಕ್ಷೇತ್ರಕಾರ್ಯ ನಡೆಸಿದರು. ಬರಹದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಭೂಮಿ, ಸಂಖ್ಯೆ ಮತ್ತು ಅಧಿಕಾರ ಒಂದೆಡೆ ಸೇರಿದ ‘ಪ್ರಬಲ ಜಾತಿ’ಯೆಂಬ ಅವರ ಕಲ್ಪನೆ ಊರಿನ ಮಾತು ಯಾರ ಬಾಯಿಂದ ಹೊರಡುತ್ತದೆ ಎಂಬುದಕ್ಕೂ ಬೆಳಕು ಚೆಲ್ಲುತ್ತದೆ. 1970ರ ಏಪ್ರಿಲ್‌ನಲ್ಲಿ ಸ್ಟಾನ್‌ಫರ್ಡ್‌ನಲ್ಲಿ ನಡೆದ ಅಗ್ನಿ ಅನಾಹುತದಲ್ಲಿ ಅವರ ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟುಹೋದವು. 1976ರ ‘ದಿ ರಿಮೆಂಬರ್ಡ್ ವಿಲೇಜ್’ ಬಹುಮಟ್ಟಿಗೆ ನೆನಪಿನಿಂದ ಬರೆದ ಕೃತಿ. ಊರ ಗೌಡರ ಆಶ್ರಯದಲ್ಲಿದ್ದ ತಮ್ಮ ನೋಟ ಹೆಚ್ಚಾಗಿ ಮೇಲ್ಜಾತಿಗಳ ಕಡೆಯದು ಎಂಬುದನ್ನು ಅವರು ಒಪ್ಪಿಕೊಂಡಿದ್ದಾರೆ. ಸಂಶೋಧಕನಿಗೂ ಮಾಹಿತಿ ಬರುವುದು ಯಾವುದೋ ಪುಟ್ಟ ಲೋಕದ ಮೂಲಕವೇ. ಅದೇ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಿ.ಆರ್. ಅಂಬೇಡ್ಕರ್ ಹಳ್ಳಿಯ ಗುಣಗಾನವನ್ನು ಕಟುವಾಗಿ ತಿರಸ್ಕರಿಸಿದ್ದರು. ಸಮುದಾಯವೆಂದೊಡನೆ ಸಹಕಾರವೇ ಕಣ್ಣಿಗೆ ಬೀಳುವವರು ಶ್ರೀನಿವಾಸರ ಕೃತಿಯನ್ನೂ ಈ ಭಾಷಣವನ್ನೂ ಓದಬೇಕು.

ಒಳಗಿನವರ ಮೇಲಿನ ಭರವಸೆ ಅಪಾಯಕಾರಿಯೂ ಆಗಬಲ್ಲದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಅಪರಿಚಿತರನ್ನು ಮಕ್ಕಳ ಕಳ್ಳರೆಂದು ಭಾವಿಸಿ ಗುಂಪು ಹಲ್ಲೆ ನಡೆಸಿತು, ಒಬ್ಬರು ಸತ್ತರು. ವದಂತಿ ಹಬ್ಬಿದ್ದು ವಾಟ್ಸಾಪ್ ಗುಂಪುಗಳಲ್ಲಿ. ಕಳಿಸಿದವರು ಪರಿಚಿತರಾದ್ದರಿಂದ ಸುದ್ದಿ ನಿಜವೆನಿಸಿತು; ಬಂದವರು ಹೊರಗಿನವರಾದ್ದರಿಂದ ‘ಕಳ್ಳ’ ಎಂಬ ಗುರುತು ತಕ್ಷಣ ಅಂಟಿತು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಮಿತಿ ಹೇರುವುದಾಗಿ ಪ್ರಕಟಿಸಿತು. ಅದು ವೇಗಕ್ಕೆ ಹಾಕಿದ ಕಡಿವಾಣ. ಭರವಸೆಯ ರಚನೆಯನ್ನು ಅದು ಮುಟ್ಟುವುದಿಲ್ಲ.

ಅನ್ವಯ

ಈ ಸಂಶೋಧನೆಯ ಪ್ರಯೋಜನ ಗ್ರಂಥಾಲಯಗಳಲ್ಲಿ, ಆರೋಗ್ಯ ಸೇವೆಯಲ್ಲಿ, ವಲಸಿಗರ ನೆರವಿನ ಕೇಂದ್ರಗಳಲ್ಲಿ ಕಾಣುತ್ತದೆ. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಸಾರ್ವಜನಿಕ ಗ್ರಂಥಾಲಯವು ವಲಸಿಗರಿಗಾಗಿ ನಡೆಸುವ ಭಾಷಾ ತರಗತಿಗಳನ್ನು ಫಿಶರ್ ಮತ್ತು ಸಂಗಡಿಗರು ಅಧ್ಯಯನ ಮಾಡಿ, ಅವು ಪಾಠದ ಜೊತೆಗೆ ಮಾಹಿತಿ ತಾಣಗಳಾಗಿಯೂ ಕೆಲಸ ಮಾಡುತ್ತವೆ ಎಂದು 2004ರಲ್ಲಿ ತೋರಿಸಿದರು. ತರಗತಿಗೆ ಬಂದವರು ಪಕ್ಕದ ಕುರ್ಚಿಯವರಿಂದ ಊರನ್ನೇ ಕಲಿಯುತ್ತಾರೆ.

ಭಾರತದಲ್ಲಿ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯನ್ನು ಅದೇ ಊರಿನ ನಿವಾಸಿಗಳಿಂದ ಆರಿಸುವ ನಿಯಮವಿದೆ. ಒಳಗಿನವಳ ಮಾತಿಗೆ ಬೆಲೆ ಹೆಚ್ಚು ಎಂಬ ಲೆಕ್ಕಾಚಾರ ಇಲ್ಲಿ ಸರಿಯಾಗಿದೆ. ಬಾಣಂತನ, ಲಸಿಕೆ ಮುಂತಾದ ನಾಲ್ಕು ಜನರ ಮುಂದೆ ಆಡಬಹುದಾದ ವಿಷಯಗಳಿಗೆ ಇದಕ್ಕಿಂತ ಉತ್ತಮ ಏರ್ಪಾಡು ಸಿಗದು. ಮುಚ್ಚಿಡಬೇಕೆನಿಸುವ ಕಾಯಿಲೆಗಳಿಗೆ ಮಾತ್ರ ಊರಿನ ಪರಿಚಿತಳಿಗಿಂತ ದೂರದ ಅಪರಿಚಿತರು ಮೇಲು. ಆದ್ದರಿಂದ ಒಂದೇ ಸೇವೆಗೆ ಎರಡು ದಾರಿ ಬೇಕು: ಊರೊಳಗಿನದೊಂದು, ಊರಾಚೆಯದೊಂದು. ಎಚ್‌ಐವಿ ವಿಷಯದಲ್ಲಿ ಕಾನೂನೇ ಗೋಪ್ಯತೆಯ ಈ ಅಗತ್ಯವನ್ನು ಮನ್ನಿಸಿದೆ. ವ್ಯಕ್ತಿಯ ಸೋಂಕಿನ ಸ್ಥಿತಿಯನ್ನು ಅವನ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ಸಾಮಾನ್ಯವಾಗಿ ನಿಷೇಧಿಸುವ 2017ರ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ.